ಕಮಲಕ್ಕನ ಕಿಟಕಿಗೆ ಬಿಟ್ಟ ಬಿಸಿಗಾಳಿ

ಸುಳ್ಳು ಹೇಳಿದವಳು ನಾನು. ನಮ್ಮ ಯಜಮಾನರಲ್ಲ, ಯಂತ್ರ ಕೂಡಿಸಲು ಹುಬ್ಬಳ್ಳಿಯಿಂದ ಬಂದಿದ್ದ ಇಂಜಿನಿಯರ್ ಅಲ್ಲ, ಆ ದಿನ ನಮ್ಮ ಪಡಸಾಲೆಯ ತಂಪಿನಲ್ಲಿ ಕೂತು ಮಜ್ಜಿಗೆ ಕುಡಿದ ಹಿರಿಯರೂ ಅಲ್ಲ — ನಾನು. "ಮೊದಲಿಂದನ ಅಲ್ಲೇ ಐತ್ರಿ" ಅಂದೆ. ಇಷ್ಟೇ. ಆ ಒಂದು ಮಾತಿಗೆ ಪಕ್ಕದ ಮನೆಯ ಕಮಲಕ್ಕನ ಮಗ್ಗ ಎದ್ದು ಹೋಯಿತು. ಅದಕ್ಕಿಂತ ಕೆಟ್ಟದ್ದೂ ಒಂದು ಆಯಿತು — ಅದು ನನಗೆ ತಿಳಿಯಲು ಇಷ್ಟು ವರ್ಷ ಹಿಡಿಯಿತು.

ಬೆಟಗೇರಿಯ ನಮ್ಮ ಓಣಿಯಲ್ಲಿ ನನ್ನನ್ನು ಎಲ್ಲರೂ "ಭಾಳ ಮೆತ್ತನ್ನ ಹೆಣ್ಮಗಳು" ಅನ್ನುತ್ತಾರೆ. ಧಾರವಾಡದಲ್ಲಿ ಕಾನ್ವೆಂಟ್ ಕಲಿತವಳು, ದನಿ ಏರಿಸದವಳು, ಪಾತ್ರೆ ತಿಕ್ಕುವವಳಿಗೂ "ರೀ" ಹಚ್ಚಿ ಮಾತಾಡುವವಳು. ಮೊದಮೊದಲು ಈ ಮಾತು ಕೇಳಿ ಒಳಗೊಳಗೇ ಹಿಗ್ಗುತ್ತಿದ್ದೆ. ಈಗ ಕೇಳಿದರೆ ಮೈ ಉರಿಯುತ್ತದೆ. ಯಾರನ್ನೂ ಬೈಯದೆ, ಯಾರ ಮೇಲೂ ಕೈ ಎತ್ತದೆ, ಮೆಲುದನಿಯಲ್ಲಿ ಒಂದು ಮಾತು ಹೇಳಿ ಒಬ್ಬರ ಅನ್ನ ಕಸಿಯಬಹುದು ಎಂದಾದರೆ — ಆ ಮೆತ್ತಗಿನತನವನ್ನು ಹೊಗಳುವುದಾದರೂ ಯಾತಕ್ಕೆ? ಜಗಳಗಂಟಿಯೊಬ್ಬಳು ನನ್ನ ಜಾಗದಲ್ಲಿದ್ದಿದ್ದರೆ ಅವಳ ಮಾತನ್ನು ಯಾರೂ ಅಷ್ಟು ಸುಲಭವಾಗಿ ನಂಬುತ್ತಿರಲಿಲ್ಲ. ನನ್ನನ್ನು ನಂಬಿದರು.

ಗದಗ ಹೊಸದಾಗಿ ಜಿಲ್ಲೆಯಾದ ಕಾಲ ಅದು. ಮೊದಲು ಧಾರವಾಡದಲ್ಲಿ ಕೂತಿರುತ್ತಿದ್ದ ಸಾಹೇಬರೆಲ್ಲ ಈಗ ನಮ್ಮೂರಿಗೇ ಬಂದರು. ನಮ್ಮ ಯಜಮಾನರದು ಹತ್ತಿ ವ್ಯಾಪಾರ. ಸಾಹೇಬರನ್ನು ಊಟಕ್ಕೆ ಕರೆಯುವುದು ವ್ಯಾಪಾರದ ಭಾಗವೂ ಆಯಿತು, ಒಂದು ಹೆಮ್ಮೆಯೂ ಆಯಿತು. ಅಂಥ ಒಬ್ಬ ಸಾಹೇಬರು ಹೋಳಿಗೆ ಊಟದ ನಡುವೆ ಕರವಸ್ತ್ರ ತೆಗೆದು ಕುತ್ತಿಗೆ ಒರೆಸಿಕೊಂಡರು — ಅಷ್ಟೇ ಆದದ್ದು. ನಾನು ತುಪ್ಪದ ಗಿಂಡಿ ಹಿಡಿದು ನಿಂತಿದ್ದೆ. ಇವರ, ನಮ್ಮ ಯಜಮಾನರ, ಮುಖ ಕಪ್ಪಿಟ್ಟದ್ದನ್ನು ನೋಡಿದೆ. ಸಾಹೇಬರ ಜೀಪು ಓಣಿ ದಾಟುವುದರೊಳಗೆ ನಿರ್ಧಾರವಾಗಿ ಹೋಗಿತ್ತು.

"ಒಂದ ಕೋಣಿಗೆ ಏಸಿ ಡಬ್ಬಿ ಹಚ್ಚೂದು ಬ್ಯಾಡ. ಇಡೀ ಮನಿ ತಂಪ ಆಗಬೇಕು. ಬಾಗಲಾ ತಗದು ಒಳಗ ಕಾಲಿಟ್ಟಾವಗ ಮಹಾಬಳೇಶ್ವರಕ್ಕ ಬಂದಂಗ ಅನಸಬೇಕು" ಎಂದರು ಇವರು.

ಹುಬ್ಬಳ್ಳಿಯಿಂದ ಇಂಜಿನಿಯರ್ ಬಂದ. ಅವನ ಹಿಂದೆ ಲಾರಿಯಲ್ಲಿ ತಗಡಿನ ದೊಡ್ಡ ದೊಡ್ಡ ಚೌಕ ಕೊಳವೆಗಳು ಬಂದವು, ಬೆಳ್ಳಿ ಬಣ್ಣದ ಹಾಳೆ ಸುತ್ತಿದವು. ನಮ್ಮ ಮಾವನವರು ಕಟ್ಟಿಸಿದ ಸಾಗವಾನಿ ತೊಲೆಗಳ ಕೆಳಗೆ ಬಿಳಿಯ ಹುಸಿ ಛತ್ತೊಂದನ್ನು ತೂಗುಹಾಕಿ, ಅದರೊಳಗೆ ಕೊಳವೆ ಹಾಯಿಸಿ, ಪ್ರತಿ ಕೋಣೆಗೂ ಒಂದು ಜಾಲರಿ ಬಿಟ್ಟರು. ಪಡಸಾಲೆಯ ಗೋಡೆಗೆ ಪುಟ್ಟ ಡಬ್ಬಿ. ಅದರ ಮುಳ್ಳು ಎಲ್ಲಿಗೆ ತಿರುಗಿಸಿದರೆ ಮನೆ ಅಷ್ಟು ತಂಪು. ಕಿಟಕಿಗಳನ್ನೆಲ್ಲ ಮುಚ್ಚಬೇಕು ಎಂದ ಇಂಜಿನಿಯರ್. ಅಡುಗೆಮನೆಯ ಕಿಟಕಿಯನ್ನಂತೂ ಇಟ್ಟಿಗೆ ಇಟ್ಟೇ ಕಟ್ಟಿಬಿಟ್ಟರು — ದೊಡ್ಡ ಕೊಳವೆ ಅದೇ ಗೋಡೆಗುಂಟ ಬರಬೇಕಿತ್ತು.

ಆ ಕಿಟಕಿಯ ಬಗ್ಗೆ ಹೇಳಬೇಕು. ಅದರ ನೇರ ಎದುರಿಗೆ ಕಮಲಕ್ಕನ ಮಗ್ಗದ ಕೋಣೆಯ ಕಿಟಕಿ. ನಡುವೆ ಒಬ್ಬರು ಅಡ್ಡಾಡುವಷ್ಟು ಸಂದಿ, ಅದು ನಮ್ಮ ಜಾಗ. ಆ ಕಡೆಗೆ ಅವರ ಮನೆಯ ಗೋಡೆಯೇ ಗಡಿ. ಕಮಲಕ್ಕ ನೇಕಾರಿಕೆಯ ಮನೆತನದವರು. ಅವರ ಯಜಮಾನರಿಗೆ ಕಣ್ಣು ಮಂದವಾಗಿ, ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತು ಸೀರೆ ನೇಯುತ್ತಿದ್ದವರು ಕಮಲಕ್ಕನೇ. ಯಜಮಾನರು ಬಾಗಿಲಲ್ಲಿ ಕೂತು ರಾಟೆ ತಿರುಗಿಸಿ ನೂಲು ಸುತ್ತಿ ಕೊಡುತ್ತಿದ್ದರು. ನಾನು ಒಲೆಯ ಮುಂದೆ, ಅವರು ಮಗ್ಗದ ಮುಂದೆ — ದಿನವೆಲ್ಲ ಮಾತು. ವಯಸ್ಸಿನಲ್ಲಿ ನನಗಿಂತ ದೊಡ್ಡವರು, ಆದರೂ ನನ್ನನ್ನು "ಅಕ್ಕಾರ" ಅನ್ನುತ್ತಿದ್ದರು. ನಾನು ಅವರನ್ನು ಕಮಲಕ್ಕ. ಒಬ್ಬರಿಗೊಬ್ಬರು ಅಕ್ಕ. ನನ್ನ ಹಿತ್ತಲ ಮಲ್ಲಿಗೆಯ ಮಾಲೆ ಆ ಕಿಟಕಿಯಿಂದ ಆ ಕಿಟಕಿಗೆ ಕೋಲಿನ ತುದಿಗೆ ಸಿಕ್ಕಿಸಿಕೊಂಡು ಹೋಗುತ್ತಿತ್ತು, ಅದೇ ಕೋಲಿನಲ್ಲಿ ರೊಟ್ಟಿಗೆ ಹಚ್ಚಿಕೊಳ್ಳುವ ಅವರ ಶೇಂಗಾ ಹಿಂಡಿಯ ಪೊಟ್ಟಣ ಈ ಕಡೆ ಬರುತ್ತಿತ್ತು.

ಬೆಳ್ಳಿ ಹಾಳೆಯ ಕೊಳವೆ ನೋಡಿ ಅವರು ನಕ್ಕದ್ದು ಇನ್ನೂ ಕಿವಿಯಲ್ಲಿದೆ. "ಏನ್ರಿ ಅಕ್ಕಾರ, ನಿಮ್ಮ ಮನಿಯವ್ರು ಮನಿಗೇ ಕೋಟು ಹೊಲಿಸಾಕ ಹತ್ಯಾರಲ್ಲ! ತರಕಾರಿ ಬಾಡಬಾರದಂತ ತಂಪಿನ ಪೆಟಗ್ಯಾಗ ಇಡತಾರಲ್ಲ, ಇನ್ನ ನಿಮ್ಮನ್ನೂ ಹಂಗ ಇಡತಾರ ನೋಡ್ರಿ. ಬದನಿಕಾಯಿ ಬಾಜೂಕ ಅಕ್ಕಾರು!"

"ಬಾಡೂದಿಲ್ಲಲ್ರಿ ಮತ್ತ, ಚಲೋನ ಆತು" ಅಂದೆ. ಇಬ್ಬರೂ ನಕ್ಕೆವು. ಮರುದಿನ ಗೌಂಡಿ ಬಂದು ಇಟ್ಟಿಗೆ ಇಟ್ಟ. ನಾನು ಅವನಿಗೆ ಚಹಾ ಕೊಟ್ಟೆ. ಬೇಡ ಅನ್ನಲಿಲ್ಲ.

ನಮ್ಮ ಮನೆಯ ಧೂಳು ಮಗ್ಗಕ್ಕೆ ಹೂಡಿದ ಹಾಸಿನ ನೂಲಿನ ಮೇಲೆ ಕೂಡಬಾರದೆಂದು ಕಮಲಕ್ಕ ತಮ್ಮ ಕಿಟಕಿಗೆ ಗೋಣಿತಟ್ಟು ಇಳಿಬಿಟ್ಟರು. ಹಾಗಾಗಿ ಆಮೇಲೆ ನಮ್ಮ ಕಡೆ ಏನು ನಡೆಯಿತೆಂದು ಅವರು ನೋಡಲಿಲ್ಲ. ಇದು ಮುಂದೆ ನನ್ನ ಸುಳ್ಳಿಗೆ ಅನುಕೂಲವಾಯಿತು.

ಯುಗಾದಿಗೆ ಯಂತ್ರ ಶುರುವಾಯಿತು. ಹೊರಗೆ ಇಡುವ ದೊಡ್ಡ ಪೆಟ್ಟಿಗೆಯನ್ನು — ದೊಡ್ಡ ಫ್ಯಾನು ತಿರುಗಿಸಿ ಬಿಸಿ ಉಗುಳುತ್ತದಲ್ಲ, ಅದನ್ನು — ಮೊದಲು ಕೂಡಿಸಿದ್ದು ಹಿತ್ತಲಲ್ಲಿ. ಸಿಮೆಂಟಿನ ಪುಟ್ಟ ಕಟ್ಟೆ ಹಾಕಿ, ಬೋಲ್ಟು ಬಿಗಿದು ಕೂಡಿಸಿದರು. ಇದನ್ನು ಮತ್ತೆ ಓದಿ. ಹಿತ್ತಲಲ್ಲಿ. ಅದರ ಮುಂದೆ ಇದ್ದದ್ದು ನನ್ನ ಮಲ್ಲಿಗೆ ಚಪ್ಪರ, ತವರಿನಿಂದ ತಂದು ಹಚ್ಚಿದ ಬಳ್ಳಿ.

ಒಂದು ತಿಂಗಳೊಳಗೆ ಬಳ್ಳಿಯ ಎಲೆಗಳು ಅಂಚಿನಿಂದ ಕಂದತೊಡಗಿದವು. ಮುಟ್ಟಿದರೆ ಹಪ್ಪಳದ ಹಾಗೆ ಮುರಿಯುತ್ತಿದ್ದವು. ಮೊಗ್ಗು ಅರಳುವ ಮೊದಲೇ ಕೆಂಪಾಗಿ ಉದುರುತ್ತಿತ್ತು. ನಾನು — ಸಣ್ಣ ಸಣ್ಣದನ್ನೆಲ್ಲ ಗಮನಿಸುವವಳು ಎಂದು ಹೆಸರಾದವಳು — ಒಂದೊಂದು ಎಲೆಯನ್ನೂ ಗಮನಿಸಿದೆ. ರೊಟ್ಟಿ ಬಡಿಸುತ್ತ, ಮೆತ್ತಗೆ, ಇವರಿಗೆ ಹೇಳಿದೆ: "ಆ ಪೆಟಗಿ ಸ್ವಲ್ಪ ಬ್ಯಾರೆ ಕಡೆ ಇಡಸಬಹುದಲ್ರಿ? ಬಳ್ಳಿ ಸುಡಾಕ ಹತ್ತೇತಿ."

ಇಂಜಿನಿಯರ್ ಮತ್ತೆ ಬಂದ. ಒಳ್ಳೆಯ ಹುರುಪಿನ ಮನುಷ್ಯ. "ಬಿಸಿ ಎಲ್ಲಿಗರೆ ಹೋಗಬೇಕಲ್ರಿ ಮೇಡಮ್" ಎಂದ. "ಒಳಗಿನ ಸೆಕಿ ಎತ್ತಿ ಹೊರಗ ಒಗಿಯೂದ ಇದರ ಕೆಲಸ. ಎಲ್ಲಿ ಒಗೀಲಿ, ನೀವ ಹೇಳ್ರಿ."

ನಾನು ಸಂದಿಯ ಕಡೆ ಬೆರಳು ಮಾಡಿದೆ. "ಅಲ್ಲಿ ಇಡ್ರಿ. ಅಲ್ಲಿ ಏನೂ ಇಲ್ಲ."

ಅಲ್ಲಿ ಏನೂ ಇಲ್ಲ! ವರ್ಷಗಟ್ಟಲೆ ಆ ಕಿಟಕಿಯೊಂದಿಗೆ ಮಾತಾಡಿದವಳು ಹೇಳಿದ ಮಾತಿದು. ನನ್ನ ಕಿಟಕಿ ಮುಚ್ಚಿ ಒಂದೆರಡು ತಿಂಗಳಾಗಿತ್ತು. ಅಷ್ಟರಲ್ಲೇ ಆ ಕಡೆಯ ಕಿಟಕಿ ನನಗೆ ಇಲ್ಲವಾಗಿತ್ತು. ತಂಪಿಗೆ ಈ ಗುಣವೂ ಉಂಟು — ಬಾಗಿಲು ಕಿಟಕಿ ಹಾಕಿಕೊಂಡು ಕೂತವರಿಗೆ ಹೊರಗೆ ಯಾರೋ ಇದ್ದಾರೆ ಎನ್ನುವುದೇ ಮರೆತು ಹೋಗುತ್ತದೆ.

ತಾಮ್ರದ ನಳಿಕೆ ಕತ್ತರಿಸಿ, ಬೆಸೆದು, ಪೆಟ್ಟಿಗೆಯನ್ನು ಸಂದಿಗೆ ತಂದರು. ಅದರ ಬಾಯಿ ಕಮಲಕ್ಕನ ಕಿಟಕಿಯ ಕಡೆಗೆ. ಕಮಲಕ್ಕ ಗಂಡನನ್ನು ಕರೆದುಕೊಂಡು ಮುಂಡರಗಿಗೆ ಮದುವೆಗೆ ಹೋಗಿದ್ದ ದಿನಗಳವು. ಮನೆಗೆ ಬೀಗ ಇತ್ತು. ಬೇಕಂತಲೇ ಆ ದಿನ ನೋಡಿದ್ದಲ್ಲ. ಹಾಗಂತ ಅವರು ಬರುವವರೆಗೆ ತಡೆಯಿರಿ, ಒಂದು ಮಾತು ಕೇಳೋಣ ಎಂದು ನನಗೆ ಹೊಳೆಯಲೂ ಇಲ್ಲ.

ಬಳ್ಳಿ ಚಿಗುರಿತು. ಅತ್ತ ಕಮಲಕ್ಕನ ಎಳೆ ಹರಿಯಲು ಶುರುವಾಯಿತು.

ಮಗ್ಗದ ಕುಣಿಯನ್ನು ನೆಲದಲ್ಲಿ ತೋಡುವುದೇ ಮಣ್ಣಿನ ತಂಪು ನೂಲಿಗೆ ತಾಗಲಿ ಎಂದು. ಗಂಜಿ ಉಂಡ ಹತ್ತಿಯ ಎಳೆಗೆ ಬಿಸಿ ಒಣಗಾಳಿ ಹೊಡೆದರೆ ಅದು ಕಡ್ಡಿಯಾಗುತ್ತದೆ, ಲಾಳಿ ಓಡಿದ ಹಾಗೆಲ್ಲ ಪಟ್ ಪಟ್ ಎಂದು ಹರಿಯುತ್ತದೆ. ಒಂದು ಎಳೆ ಹರಿದರೆ ಮಗ್ಗ ನಿಲ್ಲಿಸಿ, ಬಾಗಿ, ಹುಡುಕಿ, ಹೊಸೆದು ಜೋಡಿಸಬೇಕು. ಗಂಟು ಹೆಚ್ಚಾದ ಸೀರೆಯನ್ನು ನೂಲು ಕೊಟ್ಟ ಸಾವಕಾರ ಹೊಳ್ಳಿ ಕಳಿಸುತ್ತಾನೆ. ಕಮಲಕ್ಕ ಗೋಣಿತಟ್ಟು ತೋಯಿಸಿ ಕಿಟಕಿಗೆ ಕಟ್ಟಿದರು. ಒಲೆಯ ಮೇಲಿನ ರೊಟ್ಟಿಯ ಹಾಗೆ ಅದು ಸೆಟೆದು ನಿಂತಿತು. ಕಿಟಕಿ ಹಾಕಿದರು, ಬೆಳಕಿಲ್ಲದೆ ಎಳೆ ಕಾಣಲಿಲ್ಲ. ನಮ್ಮ ಮನೆಗೆ ಬಂದು ಇವರ ಹತ್ತಿರ ಹೇಳಿದರು. "ನೋಡೂಣು" ಎಂದರು ಇವರು. ಮತ್ತೆ ಬಂದರು. "ನೋಡೂಣು ಅಂದೆನಲ್ಲ." ಮೂರನೆಯ ಸಲ ಅವರು ಹಿರಿಯರ ಹತ್ತಿರ ಹೋದರು.

ನಮ್ಮ ಓಣಿಯಲ್ಲಿ ಒಂದು ಪದ್ಧತಿ ಇದೆ. ಎರಡು ಮನೆಗಳ ನಡುವೆ ತಕರಾರು ಬಂದರೆ ಹಿರಿಯರು ಮೊದಲು ತಕರಾರಿನ ಜಾಗಕ್ಕೆ ಹೋಗಿ ನಿಲ್ಲಬೇಕು. ಗೋಡೆಯಾದರೆ ಗೋಡೆ, ಮೋರಿಯಾದರೆ ಮೋರಿ — ಕಣ್ಣಾರೆ ನೋಡಿ, ಆಮೇಲೆ ಗುಡಿಯ ಕಟ್ಟೆಗೆ ಬಂದು ಕೂತು ಮಾತು. ಆ ದಿನ ಹಾಗಾಗಲಿಲ್ಲ. ಜಾಗ ನೋಡಿ ಗುಡಿಯ ಕಡೆ ಹೋಗಬೇಕೆಂದು ಬಂದವರನ್ನು ಇವರು ನಮ್ಮ ಬಾಗಿಲಲ್ಲೇ ತಡೆದರು.

"ಇಂಥಾ ಬಿಸಲಾಗ ಕಟ್ಟಿ ಮ್ಯಾಲೆ ಯಾಕ್ರಿ ಹಿರ್ಯಾರ? ನಮ್ಮ ಮನಿ ಇಲ್ಲೇನು? ಬರ್ರಿ, ಒಳಗ ಬರ್ರಿ."

ಬಂದರು. ಶಿವಪ್ಪಜ್ಜ ಎಲ್ಲರಿಗಿಂತ ಹಿರಿಯರು. ಅವರ ಹಿಂದೆ ಉಳಿದವರು. ಚಪ್ಪಲಿ ಬಿಟ್ಟು ಒಳಗೆ ಕಾಲಿಟ್ಟವರು ಅಲ್ಲೇ ನಿಂತು ಕಣ್ಣು ಮುಚ್ಚಿದರು. "ಅಬಬಬ, ಇದೇನಪಾ, ಕೈಲಾಸನ ಇಳದು ಬಂದೇತಿ!" ಎಂದರು ಒಬ್ಬರು. ಇನ್ನೊಬ್ಬರು ಜಾಲರಿಯ ಕೆಳಗೆ ರುಮಾಲು ಬಿಚ್ಚಿ ಬೋಳುತಲೆ ಒಡ್ಡಿ, "ಒಂದಿನ ನನ್ನ ಹೇಣ್ತಿನ ಕರಕೊಂಡ ಬರತೇನಿ. ಆಕಿ ತಲಿನೂ ಸ್ವಲ್ಪ ತಂಪ ಆಗಲಿ" ಎಂದರು. ಎಲ್ಲರೂ ನಕ್ಕರು. ಇವರು ಗೋಡೆಯ ಡಬ್ಬಿಯ ಮುಳ್ಳನ್ನು ಇನ್ನೂ ಸ್ವಲ್ಪ ತಿರುಗಿಸಿದರು — ನಾನು ನೋಡಿದೆ. ನ್ಯಾಯ ಕೇಳಲು ಬಂದ ಹೆಣ್ಣುಮಗಳು ಬಾಗಿಲ ಹತ್ತಿರ ಬರಿಗಾಲಲ್ಲಿ ನಿಂತಿದ್ದಳು, ತಣ್ಣನೆಯ ಟೈಲ್ಸಿನ ಮೇಲೆ ಕಾಲ್ಬೆರಳು ಮಡಚಿಕೊಂಡು. ಕೂಡ್ರು ಎಂದು ಯಾರೂ ಅನ್ನಲಿಲ್ಲ. ಮನೆಯಾಕೆ ನಾನು. ನಾನೂ ಅನ್ನಲಿಲ್ಲ.

ಕಮಲಕ್ಕನ ತೋರುಬೆರಳಿಗೆ ಹರಿದ ಎಳೆಗಳು ಸುತ್ತಿದ್ದವು, ತೋರಿಸಲೆಂದು ತಂದಿದ್ದರು.

"ಹಿರ್ಯಾರ, ಇವ್ರ ಮಶೀನು ಬಂದದ್ದು ಯುಗಾದಿಗೆ. ಆವಾಗ ನಂದು ಒಂದ ಎಳಿ ಹರೀಲಿಲ್ಲ. ಮುಂಡರಗಿ ಮದುವಿ ಮುಗಿಸಿ ಬಂದಮ್ಯಾಲೆ ಹರ್ಯಾಕ ಹತ್ಯಾವು. ತಟ್ಟ ಎತ್ತಿ ನೋಡಿದ್ರ ಕಿಟಕಿ ಮುಂದನ ಮಶೀನ ಕುಂತೇತಿ. ಮೊದಲ ಅದು ಹಿತ್ತಲದಾಗ ಇತ್ತು. ಸಪ್ಪಳಾ ಆ ಕಡಿಂದ ಬರತಿತ್ತು."

"ಹಿತ್ತಲದಾಗ ಇದ್ದದ್ದು ಕಣ್ಣೀಲೆ ನೋಡಿದೇನು ಕಮಲವ್ವ?" ಎಂದರು ಇವರು.

"ಕಣ್ಣೀಲೆ ನೋಡಿಲ್ರಿ. ನಿಮ್ಮ ಮನಿ ಧೂಳಿಗೆ ತಟ್ಟ ಹಾಕಿದ್ದೆ."

"ಮತ್ತ? ಮಶೀನು ಮೊದಲ ಅಲ್ಲೇ ಇರಲಿಲ್ಲ ಅಂತ ಹೆಂಗ ಹೇಳತಿ? ಅಲ್ಲೇ ಇದ್ದು ಒಂದ ತಿಂಗಳ ನಿನ್ನ ಎಳಿ ಹರಿಲಿಲ್ಲ ಅಂದ್ರ, ಈಗ ಹರದದ್ದು ಮಶೀನಿನಿಂದ ಹೆಂಗ ಆತು? ನಿನ್ನ ಕೈ ಕೆಟ್ರ ನಮ್ಮ ಮ್ಯಾಲೆ ಹಾಕತಿ? ಹೊಲಕ್ಕ ತಗಸಿದಂಗ ಗಾಳಿಗೂ ನಿನ್ನ ಹೆಸರಿಲೆ ಉತಾರ ತಗಸಿಯೇನು?"

ಮತ್ತೆ ನಗು. ಶಿವಪ್ಪಜ್ಜ ಮಾತ್ರ ನಗಲಿಲ್ಲ. ಮೊಣಕಾಲಿನ ಮೇಲೆ ಕೈ ಊರಿ, "ಹಂಗಾರ ಜಾಗಾ ನೋಡೂಣು ನಡೀರಿ" ಎಂದರು. ಅರ್ಧ ಎದ್ದಿದ್ದರು. ಅಷ್ಟೇ ಸಾಕಿತ್ತು — ಅವರು ಆ ಕಿಟಕಿಯ ಮುಂದೆ ಒಂದು ಗಳಿಗೆ ನಿಂತಿದ್ದರೆ, ಹಿತ್ತಲ ಕಟ್ಟೆಯನ್ನೊಮ್ಮೆ ನೋಡಿದ್ದರೆ ಮುಗಿದಿತ್ತು. ಆದರೆ ಪಕ್ಕದವರು ಅವರ ತೋಳು ಹಿಡಿದು, "ಕುಂಡ್ರ್ರಿ ಕಾಕಾ, ಸುಡು ಬಿಸಲಾಗ ಎಲ್ಲಿ ಹೊಂಟ್ರಿ" ಎಂದರು. ಅಜ್ಜ ಒಂದು ಸಲ ಮೇಲಿನ ಜಾಲರಿಯ ಕಡೆ ನೋಡಿದರು. ಮೆಲ್ಲಗೆ ಮತ್ತೆ ಕೂತರು.

ನನಗೆ ಇವತ್ತಿಗೂ ಸಿಟ್ಟು ಬರುವುದು ಇಲ್ಲಿ. ಸುಣ್ಣ ಬಳಿದ ಕಟ್ಟೆಯ ಮೇಲೆ ಬೆವರೊರೆಸಿಕೊಳ್ಳುತ್ತ ನೆಟ್ಟಗೆ ಕೂಡುತ್ತಿದ್ದ ಮನುಷ್ಯರು ನಮ್ಮ ತಂಪಿನಲ್ಲಿ ಸೋಫಾಕ್ಕೆ ಒರಗಿಬಿಟ್ಟರು. ಯಾರೂ ಅವರಿಗೆ ಲಂಚ ಕೊಟ್ಟಿರಲಿಲ್ಲ. ತಣ್ಣನೆ ಗಾಳಿ ಕೊಟ್ಟಿದ್ದೆವು, ಅಷ್ಟೇ. ಆ ಗಾಳಿಯ ಸೆಕೆಯೆಲ್ಲ ಯಾರ ಮನೆಗೆ ಹೋಗುತ್ತಿತ್ತೋ ಅವಳ ಮಾತನ್ನೇ ಆ ಗಾಳಿಯಲ್ಲಿ ಕೂತು ತೂಗಿದರು!

"ಈ ತಾಯಿನ ಕೇಳೂಣು" ಎಂದರು ಶಿವಪ್ಪಜ್ಜ. "ಕಾನ್ವೆಂಟಿನಾಗ ಕಲತಾಕಿ, ಸುಳ್ಳ ಹೇಳೂ ಪೈಕಿ ಅಲ್ಲ. ಏನವಾ, ಮಶೀನು ಮೊದಲ ಎಲ್ಲಿ ಇತ್ತು?"

ಮಜ್ಜಿಗೆಯ ತಾಟು ನನ್ನ ಕೈಯಲ್ಲಿತ್ತು. ಲೋಟಗಳ ಮೈ ಬೆವರಿತ್ತು. ಎಲ್ಲರೂ ನನ್ನ ಕಡೆ ನೋಡಿದರು. ನಾನು ಕಮಲಕ್ಕನ ಕಡೆ ನೋಡಿದೆ. ಅವರ ಮುಖ — ಅದನ್ನು ಬರೆಯಲೇಬೇಕು — ಅವರ ಮುಖ ಬಿಚ್ಚಿಕೊಂಡಿತ್ತು. ಗೆದ್ದೆ ಎನ್ನುವ ನಿರಾಳ. ಇನ್ನೇನು, ಕೇಳುತ್ತಿರುವುದು ಅಕ್ಕಾರನ್ನಲ್ಲವೇ, ಅಕ್ಕಾರು ಹೇಳುತ್ತಾರೆ ಎಂದು ತುಟಿಯಂಚಿನಲ್ಲಿ ಸಣ್ಣ ನಗುವೂ ಬಂದಿತ್ತು.

"ಮೊದಲಿಂದನ ಅಲ್ಲೇ ಐತ್ರಿ."

ಇವರು ನನಗೆ ಹೀಗೆ ಹೇಳು ಎಂದಿರಲಿಲ್ಲ. ಕಣ್ಣಸನ್ನೆ ಕೂಡ ಮಾಡಲಿಲ್ಲ. ಯಾಕೆ ಹೇಳಿದೆ ಎಂದು ನನ್ನನ್ನೇ ಕೇಳಿಕೊಂಡಾಗ ಒಂದೊಂದು ಸಲ ಒಂದೊಂದು ಉತ್ತರ ಬರುತ್ತದೆ. ಅವನ್ನೆಲ್ಲ ಇಲ್ಲಿ ಬರೆಯುವುದಿಲ್ಲ. ಬರೆದರೆ ಅವು ನೆಪವಾಗಿ ನಿಲ್ಲುತ್ತವೆ. ಒಂದು ಮಾತ್ರ ಗೊತ್ತು — ನಿಜ ಹೇಳಿದರೆ ಮುಂದಿನ ಪ್ರಶ್ನೆ "ಯಾಕ ಸರಿಸಿದ್ರಿ" ಎಂದಾಗುತ್ತಿತ್ತು. ಬಳ್ಳಿಗಾಗಿ ಎನ್ನಬೇಕಿತ್ತು.

"ಹೌದೇನ್ರಿ ಅಕ್ಕಾರ?" ಎಂದರು ಕಮಲಕ್ಕ. ಆಮೇಲೆ, ಬೆರಳಿನ ಎಳೆಗಳನ್ನು ಬಿಚ್ಚುತ್ತ, "ನೀವು ಅಂದ್ರ ಹೌದ ಇರಬೇಕ್ರಿ" ಎಂದರು.

ಹಿರಿಯರು ಹೋದ ಮೇಲೆ ನಾನು ಹಿತ್ತಲಿಗೆ ಹೋದೆ. ಖಾಲಿ ಸಿಮೆಂಟ್ ಕಟ್ಟೆಯ ಮೇಲೆ ಬೋಲ್ಟುಗಳು ನೆಟ್ಟಗೆ ನಿಂತಿದ್ದವು. ಬುಟ್ಟಿಯಲ್ಲಿ ಮಣ್ಣು ತಂದು ಸುರಿದು, ಸುತ್ತ ಇಟ್ಟಿಗೆ ಜೋಡಿಸಿ, ದೊಡ್ಡಪತ್ರೆ ಹಚ್ಚಿದೆ. ಆ ಇಟ್ಟಿಗೆಗಳು ಅಡುಗೆಮನೆಯ ಕಿಟಕಿ ಕಟ್ಟಿ ಉಳಿದಿದ್ದವು. ಬಾಯಿಜಾರಿ ಆಡಿದ ಮಾತು ಅದು ಎಂದು ಯಾರಾದರೂ ನನ್ನ ಪರ ವಾದಿಸಿದರೆ, ಈ ಕಟ್ಟೆ ತೋರಿಸುತ್ತೇನೆ.

ಆ ಬೇಸಿಗೆಯಲ್ಲೂ ಮಲ್ಲಿಗೆ ಬಿಟ್ಟಿತು, ಬೇಕಾದಷ್ಟು. ದಿನಾ ಒಂದು ಮಾಲೆ ಕಮಲಕ್ಕನಿಗೆ ಕಳಿಸಿದೆ. ಹೌದು, ಕಳಿಸಿದೆ. ಕಿಟಕಿ ಇರಲಿಲ್ಲ, ಪಾತ್ರೆ ತಿಕ್ಕುವ ರತ್ನವ್ವನ ಕೈಯಲ್ಲಿ ಕಳಿಸಿದೆ. ಅವರ ಎಳೆ ಸುಟ್ಟು ಉಳಿಸಿದ ಹೂವನ್ನು ಅವರ ತಲೆಗೇ ಮುಡಿಸಿದೆ, ಮತ್ತೆ ಅದನ್ನೇ ಪ್ರೀತಿ ಅಂದುಕೊಂಡೆ!

ಮಳೆಗಾಲದಲ್ಲಿ ಕಮಲಕ್ಕ ಹೇಗೋ ನೇಯ್ದು ಸ್ವಲ್ಪ ತಡೆದುಕೊಂಡರು. ಮುಂದಿನ ಬೇಸಿಗೆಗೆ ಸಾವಕಾರ ನೂಲು ಕೊಡುವುದನ್ನು ನಿಲ್ಲಿಸಿದ. ಓಣಿಯಲ್ಲಿ ಮಾತು ಹರಡಿತ್ತು — "ಕಮಲವ್ವನ ಕೈ ಕೆಟ್ಟೇತಿ." ಮಗ್ಗ ಬಿಚ್ಚಿ ಮಾರಿದರು. ಆ ಕೋಣೆಯನ್ನು ಬಾಡಿಗೆಗೆ ಕೊಡಬೇಕೆಂದರೆ ಕುಣಿ ಮುಚ್ಚಬೇಕಿತ್ತು. ಅವರ ಯಜಮಾನರು ತಡವರಿಸುತ್ತ ನಮ್ಮ ಬಾಗಿಲಿಗೆ ಬಂದು, "ಅಕ್ಕಾರ, ನಿಮ್ಮ ಹಿತ್ತಲದಾಗ ಮಣ್ಣ ಐತೇನ್ರಿ, ಒಂದ್ನಾಕು ಬುಟ್ಟಿ?" ಎಂದು ಕೇಳಿದರು. ಕೊಟ್ಟೆ. ಬೇಕಾದಷ್ಟು ಒಯ್ಯಿರಿ ಅಂದೆ. ಚಹಾ ಕುಡಿದು ಹೋಗ್ರಿ ಅಂದೆ. ಆ ಮಣ್ಣು ಬುಟ್ಟಿ ಬುಟ್ಟಿಯಾಗಿ ಆ ಕುಣಿಗೆ ಬೀಳುವುದನ್ನು ಮಾಳಿಗೆಯ ಮೇಲಿಂದ ನೋಡಿದೆ, ಬಟ್ಟೆ ಒಣಹಾಕುತ್ತ.

ಆಮೇಲೆ ಗಂಡಹೆಂಡತಿ ಇಬ್ಬರೂ ಲಕ್ಷ್ಮೇಶ್ವರದ ಕಡೆ ಅಡರಕಟ್ಟಿಗೆ, ಕಮಲಕ್ಕನ ತಮ್ಮನ ಮನೆಗೆ ಹೋದರು.

ನಮ್ಮ ತಂಪಾದರೂ ಎಷ್ಟು ದಿನ ಇತ್ತು? ಕರೆಂಟು ನಿಂತರೆ ಮುಚ್ಚಿದ ಮನೆ ಕುಲುಮೆಯಾಗುತ್ತಿತ್ತು. ಕೊಳವೆಯಲ್ಲಿ ಇಲಿ ಸೇರಿ ಸತ್ತು, ಎಲ್ಲ ಜಾಲರಿಗಳಿಂದಲೂ ಒಂದೇ ವಾಸನೆ ಬಂತು. ಕೆಟ್ಟ ಭಾಗ ಹುಬ್ಬಳ್ಳಿಯಲ್ಲಿ ಸಿಗಲಿಲ್ಲ. ಕೆಲವು ಬೇಸಿಗೆಗಳಾದ ಮೇಲೆ ಇವರು ಆ ವಿಷಯ ಎತ್ತುವುದನ್ನೇ ಬಿಟ್ಟರು. ಹುಸಿ ಛತ್ತು ಇನ್ನೂ ಇದೆ, ಅಲ್ಲಲ್ಲಿ ಜೋತು ಬಿದ್ದು. ಸಂದಿಯಲ್ಲಿ ಪೆಟ್ಟಿಗೆ ತುಕ್ಕು ಹಿಡಿದು ನಿಂತಿದೆ. ಪಾರಿವಾಳ ಮನೆ ಮಾಡಿದೆ. ಇದಕ್ಕಾಗಿ ಒಬ್ಬರ ಮಗ್ಗ!

ಇಷ್ಟೇ ಆಗಿದ್ದರೆ ಬಹುಶಃ ನಾನು ಬಾಯಿ ಮುಚ್ಚಿಕೊಂಡೇ ಸಾಯುತ್ತಿದ್ದೆ. ಅಂಥವಳು ನಾನು.

ಈ ವರ್ಷ ಲಕ್ಷ್ಮೇಶ್ವರದಲ್ಲಿ ಒಂದು ಮದುವೆಗೆ ಹೋಗಿದ್ದೆ. ಊಟದ ಪಂಕ್ತಿಯಲ್ಲಿ ಯಾರೋ ನನ್ನ ಕೈ ಹಿಡಿದರು. ಕಮಲಕ್ಕ. ಕೂದಲು ಪೂರ್ತಿ ನರೆತಿತ್ತು, ಅಂಗೈ ಒರಟಾಗಿತ್ತು — ಹೊಲದಲ್ಲಿ ಕಳೆ ಕಿತ್ತ ಕೈ. ಪಕ್ಕದಲ್ಲಿದ್ದ ಹೆಂಗಸರಿಗೆಲ್ಲ ಕೇಳುವಂತೆ ಹೇಳಿದರು: "ಇವ್ರ ನೋಡ್ರಿ ನಮ್ಮ ಬೆಟಗೇರಿ ಅಕ್ಕಾರು. ಬಂಗಾರದಂಥಾವ್ರು." ಆಮೇಲೆ ನನ್ನ ಕಡೆ ತಿರುಗಿ, ದನಿ ಇಳಿಸಿ, "ಅಕ್ಕಾರ, ನನ್ನ ಮ್ಯಾಲೆ ಸಿಟ್ಟ ಇಟಗೋಬ್ಯಾಡ್ರಿ. ಕೆಟ್ಟದ್ದು ನನ್ನ ಕೈ. ನಿಮ್ಮ ಮಶೀನಿನ ಮ್ಯಾಲೆ ಸುಳ್ಳ ದೂರ ಹಾಕಿದೆ. ಹಿರ್ಯಾರ ಮುಂದ ನಿಮ್ಮ ಮಾನಾ ಹೋಗೂವಂಗ ಮಾಡಿದೆ" ಎಂದರು.

ಅವರು ನನ್ನ ಕ್ಷಮೆ ಕೇಳುತ್ತಿದ್ದರು.

ಅವರ ತಮ್ಮನ ಸೊಸೆ ಪಕ್ಕದಲ್ಲಿದ್ದಳು. ಅವಳು ನಗುತ್ತ, "ನಮ್ಮ ಅತ್ತಿ ಒಂದ ಸೂಜಿಗೆ ದಾರ ಪೋಣಸಂಗಿಲ್ರಿ. ಹೂವ ಕಟ್ಟ ಅಂದ್ರನೂ ಕಟ್ಟಂಗಿಲ್ಲ. ನನ್ನ ಕೈಯಾಗ ಎಳಿ ನಿಲ್ಲಂಗಿಲ್ಲ ಅಂತಾರ" ಎಂದಳು.

ನಾನು ಮೊದಲೇ ಹೇಳಿದ ಆ ಕೆಟ್ಟದ್ದು ಇದು. ನನ್ನ ಮಾತನ್ನು ಎಲ್ಲರಿಗಿಂತ ಹೆಚ್ಚು ನಂಬಿದವರು ಕಮಲಕ್ಕನೇ. ಅಕ್ಕಾರು ಸುಳ್ಳು ಹೇಳುವುದಿಲ್ಲ. ಯಂತ್ರ ಮೊದಲಿನಿಂದ ಅಲ್ಲೇ ಇತ್ತೆಂದರೆ ಕೆಟ್ಟದ್ದು ತನ್ನ ಕೈಯೇ. ಹುಟ್ಟಿದಾಗಿನಿಂದ ನೂಲಿನಲ್ಲೇ ಬೆಳೆದ ಹೆಂಗಸು ಇಷ್ಟು ವರ್ಷ ಒಂದು ಎಳೆಯನ್ನೂ ಮುಟ್ಟದೆ — ಮತ್ತೆ ನಾನು ಆ ಪಂಕ್ತಿಯಲ್ಲಿ ಏನು ಮಾಡಿದೆ? "ಇರಲಿ ಬಿಡ್ರಿ ಕಮಲಕ್ಕ" ಅಂದೆ. ಕ್ಷಮಿಸಿದೆ! ನಾನು ಅವರನ್ನು ಕ್ಷಮಿಸಿದೆ, ಮೆತ್ತಗೆ.

ಮನೆಗೆ ಬಂದು ಇವರಿಗೆ ಹೇಳಿದೆ, ಹೋಗಿ ನಿಜ ಹೇಳಿಬರುತ್ತೇನೆ ಎಂದು. ಪೇಪರಿನಿಂದ ಕಣ್ಣೆತ್ತಲಿಲ್ಲ ಅವರು. "ಈಗ ಆ ಮಾತ ಯಾಕ? ಆಕಿ ಆರಾಮ ಅದಾಳ, ನಾವು ಆರಾಮ ಅದೇವಿ. ಹೇಳಿದ್ರ ಯಾರಿಗೆ ಏನ ಸಿಗತೇತಿ?"

"ಆಕಿ ಕೈ ಆಕಿಗೆ ಸಿಗತೇತಿ!" ಎಂದೆ. ನನ್ನ ದನಿ ನನಗೇ ಗುರುತು ಸಿಗಲಿಲ್ಲ. ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದ ರತ್ನವ್ವ ಒಳಗೆ ಬಂದು ಬಾಗಿಲಲ್ಲಿ ನಿಂತು ನೋಡಿದಳು. ಮದುವೆಯಾಗಿ ಈ ಮನೆಗೆ ಬಂದ ಮೇಲೆ ನಾನು ಕೂಗಿದ್ದು ಅದೇ ಮೊದಲು. ಕೂಗಬೇಕಾದ ದಿನ ಮಜ್ಜಿಗೆ ಕೊಡುತ್ತ ನಿಂತಿದ್ದೆ.

ಬಸ್ಸು ಹಿಡಿದು ಅಡರಕಟ್ಟಿಗೆ ಹೋದೆ. ಕಮಲಕ್ಕ ಅಂಗಳದಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುತ್ತಿದ್ದರು. ಎಲ್ಲ ಹೇಳಿದೆ — ಹಿತ್ತಲು, ಬಳ್ಳಿ, ಸಂದಿಯ ಕಡೆ ಮಾಡಿದ ಬೆರಳು, ಬೋಲ್ಟಿನ ಮೇಲೆ ಸುರಿದ ಮಣ್ಣು. ತೊಟ್ಟು ಬಿಡಿಸುತ್ತಿದ್ದ ಅವರ ಕೈ ನಿಂತಿತ್ತು.

"ಬಳ್ಳಿ ಸಲವಾಗಿ?" ಎಂದರು ಕೊನೆಗೆ.

"ಹೌದ್ರಿ."

"ಆ ಹೂವ ನಾ ಮುಡಕೋತಿದ್ದೆ."

ಎದ್ದು ಒಳಗೆ ಹೋದರು. ಬಹಳ ಹೊತ್ತು ಬರಲಿಲ್ಲ. ಬಂದಾಗ ಮುಖ ತೊಳೆದುಕೊಂಡಿದ್ದರು. ನಾನು ಅಂಗಳದಲ್ಲೇ ನಿಂತಿದ್ದೆ. ಕೂಡ್ರಿ ಎನ್ನಲಿಲ್ಲ ಅವರು. ಸರಿಯಾಗಿತ್ತು.

"ನನಗ ಬಂದು ಹೇಳಿದ್ರ ಏನಾತು?" ಎಂದರು. "ನಾ ಒಬ್ಬಾಕಿನ ಕೇಳಿ ಏನ ಮಾಡ್ಲಿ? ಕೈ ಕೆಟ್ಟೇತಿ ಅಂದಾವ್ರು ಓಣ್ಯಾವ್ರು. ನಮ್ಮನಿಯವ್ರು ಆ ಮಾತ ಕೇಳಿಕೋತನ ಸತ್ರು. ಓಣ್ಯಾಗ ಹೇಳ್ರಿ. ಅವತ್ತ ನಾಕ ಮಂದಿ ಮುಂದ ಹೇಳಿದ್ರಲ್ಲ, ಹಂಗ ನಾಕ ಮಂದಿ ಮುಂದ ಹೇಳ್ರಿ."

ಅಷ್ಟು ಹೊತ್ತಿನಲ್ಲಿ ಒಮ್ಮೆಯೂ ಅವರು ನನ್ನನ್ನು "ಅಕ್ಕಾರ" ಅನ್ನಲಿಲ್ಲ. ಇನ್ನು ಮೇಲೆ ಅನ್ನುವುದೂ ಬೇಡ.

ಅದಕ್ಕೇ ಇದನ್ನು ಬರೆದಿದ್ದೇನೆ. ಬರೆಯದೆ ಹೋದರೆ ಗುಡಿಯ ಕಟ್ಟೆಯ ಮುಂದೆ ನಿಂತಾಗ ನನ್ನ ನಾಲಿಗೆ ಮತ್ತೆ ಮೆತ್ತಗಾದೀತು ಎಂಬ ಭಯ ನನಗಿದೆ. ಶಿವಪ್ಪಜ್ಜ ಈಗ ಇಲ್ಲ. ಅವರ ತೋಳು ಹಿಡಿದು ಕೂಡಿಸಿದವರು ಇದ್ದಾರೆ, ಜಾಲರಿಯ ಕೆಳಗೆ ತಲೆ ಒಡ್ಡಿದವರೂ ಇದ್ದಾರೆ. ಮನೆಮನೆಗೆ ಹೋಗಿ ಕರೆದು ಬಂದಿದ್ದೇನೆ. ನಮ್ಮ ಪಡಸಾಲೆಗೆ ಅಲ್ಲ. ಓಣಿಯ ಪದ್ಧತಿಯಂತೆ ಮೊದಲು ಜಾಗ ನೋಡಬೇಕು — ಹಿತ್ತಲು, ಆಮೇಲೆ ಸಂದಿ, ಆಮೇಲೆ ಆ ಕಿಟಕಿ. ಆಮೇಲೆ ಗುಡಿಯ ಕಟ್ಟೆಗೆ, ಬಿಸಿಲಿನಲ್ಲೇ. ಕಮಲಕ್ಕ ಬರುತ್ತಾರೋ ಇಲ್ಲವೋ ಹೇಳಿಲ್ಲ. ಕೇಳುವ ಮುಖ ನನಗಿರಲಿಲ್ಲ.

ಇವತ್ತು ಬೆಳಗ್ಗೆ ದೊಡ್ಡಪತ್ರೆ ಕಿತ್ತು, ಇಟ್ಟಿಗೆ ಸರಿಸಿ, ಮಣ್ಣು ತೋಡಿದೆ. ಬೋಲ್ಟುಗಳು ತುಕ್ಕು ಹಿಡಿದಿವೆ, ಆದರೆ ಒಂದೂ ಬಾಗಿಲ್ಲ. ತೊಳೆದು ಇಟ್ಟಿದ್ದೇನೆ. ಗುಡಿಯ ಕಟ್ಟೆಯ ಮುಂದೆ ನಿಂತು ನಾನು ಹೇಳಬೇಕಾದದ್ದು ಇಷ್ಟೇ:

ಕಮಲಕ್ಕನ ಕೈ ಕೆಟ್ಟಿರಲಿಲ್ಲ. ಯಂತ್ರ ಮೊದಲಿನಿಂದ ಅಲ್ಲಿ ಇರಲಿಲ್ಲ. ಅಲ್ಲಿಗೆ ತರಿಸಿದವಳು ನಾನು.